ಪ್ರೀತಿಯನ್ನು ಪಾರ್ಸೆಲ್ ಮಾಡಬೇಡಿ

(ಜರ್ಮನಿಯಲ್ಲಿರುವ ನಾವು ಕೆಲವು ಕನ್ನಡ ಕುಟುಂಬಗಳು ಸೇರಿ ನಡೆಸಿದ ರಾಜ್ಯೋತ್ಸವದ ಸಂಜೆ ಆಡಿದ ಮಾತುಗಳು. ಗೆಳೆಯರು ಕೇಳಿದ್ದರಿಂದ ಬರೆದು ಕಳಿಸುತ್ತಿದ್ದೇನೆ.)

ರಾಜ್ಯೋತ್ಸವದ ದಿನ ನಾಯಿಯ ವಿಷಯ ಮಾತಾಡುತ್ತೇನೆ ಎಂದಾಗ ಕಾರ್ಯಕ್ರಮ ನೋಡಿಕೊಳ್ಳುವ ಗೆಳೆಯರು ಒಂದು ಕ್ಷಣ ಸುಮ್ಮನಾದರು. ಆಮೇಲೆ, "ಹತ್ತು ನಿಮಿಷದಲ್ಲಿ ಮುಗಿಸ್ತೀರಾ ಸಾರ್? ಮುಂದೆ ಮಕ್ಕಳ ಕೋಲಾಟ ಇದೆ" ಅಂದರು. ಮುಗಿಸುತ್ತೇನೆ. ಬಿಸಿಬೇಳೆಬಾತ್ ಆರುತ್ತಿದೆ ಎನ್ನುವುದೂ ನೆನಪಿದೆ.

ಮೊದಲು ಒಂದು ಪ್ರಶ್ನೆ. ಇಲ್ಲಿ ಕೂತಿರುವವರಲ್ಲಿ ಎಷ್ಟು ಜನ ಊರಿನಲ್ಲಿರುವ ಅಪ್ಪ ಅಮ್ಮನಿಗೆ ನಾಯಿಮರಿ ಕೊಡಿಸಿದ್ದೀರಿ? ದಯವಿಟ್ಟು ಕೈ ಎತ್ತಿ. (ಏಳೆಂಟು ಕೈಗಳು ಎದ್ದವು.) ಸಂತೋಷ, ತಪ್ಪು ಮಾಡಿದವನು ನಾನೊಬ್ಬನೇ ಅಲ್ಲ!

ಕೆಲವು ವರ್ಷಗಳ ಹಿಂದೆ ನಾನು, ನನ್ನ ಹೆಂಡತಿ ಇಲ್ಲಿ ಒಂದು ನಾಯಿ ಸಾಕೋಣ ಎಂದು ಪ್ರಾಣಿಗಳ ಆಶ್ರಯಧಾಮಕ್ಕೆ ಹೋದೆವು. ಅಲ್ಲಿಯ ಹೆಂಗಸು ಕಾಫಿ ಕೊಟ್ಟು ಕೂರಿಸಿ, ಹೆಣ್ಣು ನೋಡಲು ಬಂದವರನ್ನು ವಿಚಾರಿಸಿದ ಹಾಗೆ ವಿಚಾರಿಸಿದರು. ಮನೆ ಸ್ವಂತದ್ದೋ ಬಾಡಿಗೆಯದೋ? ಮಾಲೀಕರ ಒಪ್ಪಿಗೆ ಇದೆಯೇ? ಇಬ್ಬರೂ ಕೆಲಸಕ್ಕೆ ಹೋದರೆ ನಾಯಿ ಎಷ್ಟು ಗಂಟೆ ಒಂಟಿ? ನೀವು ಇಂಡಿಯಾಕ್ಕೆ ಹೋದಾಗ ಯಾರು ನೋಡುತ್ತಾರೆ? ಎಲ್ಲ ಬರೆದುಕೊಂಡು ಕೊನೆಗೆ ನಗುತ್ತಲೇ, "ಈಗ ಬೇಡ, ನಿಮ್ಮ ದಿನಚರಿ ಬದಲಾದಾಗ ಬನ್ನಿ" ಎಂದು ಬಾಗಿಲ ತನಕ ಬಿಟ್ಟುಹೋದರು. ನನಗೆ ಸಿಟ್ಟು ಬಂತು. ಒಂದು ನಾಯಿ ಸಾಕುವ ಯೋಗ್ಯತೆ ನನಗಿಲ್ಲವೇ?

ಅದೇ ವರ್ಷ ತುಮಕೂರಿನಲ್ಲಿರುವ ನನ್ನ ಅಪ್ಪ ಅಮ್ಮನಿಗೆ ನಾನು ಲ್ಯಾಬ್ರಡಾರ್ ಮರಿಯೊಂದನ್ನು ಕೊಡಿಸಿದೆ. ಇಲ್ಲಿಂದಲೇ ಫೋನ್ ಮಾಡಿ, 15,000 ರೂಪಾಯಿ ಕಳಿಸಿದೆ. ಮಾರಿದವನು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಗಂಡೋ ಹೆಣ್ಣೋ ಸಾರ್?" ಹತ್ತು ನಿಮಿಷದ ಕೆಲಸ. ಮರಿಗೆ ಆಗ ಐದು ವಾರ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು ನಮ್ಮ ದೇಶದಲ್ಲೇ 2017ರಿಂದ ನಿಯಮವಿದೆ. ಅದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಆ ಉತ್ಸಾಹದಲ್ಲಿ ಕೇಳುತ್ತಿದ್ದೆನೋ ಇಲ್ಲವೋ!

ಯಾಕೆ ಕೊಡಿಸಿದೆ? ಅಪ್ಪ ಅಮ್ಮ ಒಂಟಿಯಾಗಿದ್ದಾರೆ, ಅವರಿಗೆ ಜೊತೆ ಬೇಕು ಅಂತ. ಇದು ನಾನು ಹೇಳಿಕೊಂಡ ಕಾರಣ. ನಿಜವಾದ ಕಾರಣ ನಿಮಗೂ ಗೊತ್ತು. ನಾವು ಅಲ್ಲಿಲ್ಲ ಎನ್ನುವ ಅಳುಕು ಭಾನುವಾರದ ಫೋನಿನಿಂದ ಹೋಗುವುದಿಲ್ಲ. ನನ್ನ ಬದಲಿಗೆ ಬಾಲ ಅಲ್ಲಾಡಿಸುವ ಒಂದು ಜೀವವನ್ನು ಆ ಮನೆಗೆ ಕಳಿಸಿ, ನಾನು ಹಗುರಾಗಲು ನೋಡಿದೆ.

ಅಪ್ಪ ಮರಿಗೆ ರಾಜ ಅಂತ ಹೆಸರಿಟ್ಟರು. ಮೊದಲ ಮೂರು ತಿಂಗಳು ಬರೀ ಫೋಟೋಗಳು! ವರ್ಷ ತುಂಬುವ ಹೊತ್ತಿಗೆ ರಾಜ 30 ಕಿಲೋ ತೂಗುತ್ತಿದ್ದ. ಅಪ್ಪನಿಗೆ 69. ಒಂದು ಬೆಳಿಗ್ಗೆ ರಸ್ತೆಯಲ್ಲಿ ಬೆಕ್ಕು ಕಂಡು ರಾಜ ಜಗ್ಗಿದ, ಅಪ್ಪ ಮುಗ್ಗರಿಸಿ ಬಿದ್ದು ಮಣಿಕಟ್ಟು ಮುರಿಯಿತು. ಅವತ್ತಿಗೆ ವಾಕಿಂಗ್ ನಿಂತಿತು. ಹಿತ್ತಿಲಲ್ಲಿ ಆರಡಿ ಸರಪಳಿ ಬಂತು.

ಇದ್ಯಾವುದೂ ನನಗೆ ಗೊತ್ತಿಲ್ಲ. ಅಪ್ಪ ಜಾರಿ ಬಿದ್ದರು ಅಂತಷ್ಟೇ ಹೇಳಿದ್ದರು. ರಜೆಗೆ ಹೋದಾಗ ನೋಡಿದೆ. ನೆಲದ ಮೇಲೆ ಸರಪಳಿ ಎಳೆದಷ್ಟು ದೂರಕ್ಕೆ ಒಂದು ವೃತ್ತ ಸವೆದಿತ್ತು. ನಾನು ಹತ್ತಿರ ಹೋದರೆ ರಾಜ ಬೊಗಳಿದ. ಅವನಿಗೆ ನಾನು ಯಾರು? "ಬೇರೆ ಯಾರಿಗಾದ್ರೂ ಕೊಡಬಹುದಿತ್ತಲ್ಲಮ್ಮ" ಅಂದೆ. ಅಮ್ಮ ಅಂದಳು, "ನೀನು ಕಳಿಸಿದ್ದು ಕಣಪ್ಪ. ಹೆಂಗೆ ಕೊಡೋದು?"

ಗೆಳೆಯರೆ, ನಾಯಿಗೆ ವ್ಯಾಯಾಮವಿಲ್ಲದಂತೆ ಸದಾ ಕಟ್ಟಿಹಾಕುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ನನ್ನ ಅಪ್ಪ ಅಮ್ಮ ಅಪರಾಧಿಗಳೇ? ಅಪ್ಪ ಪ್ಲಾಸ್ಟರ್ ಹಾಕಿದ ಕೈಯಲ್ಲೇ ರಾತ್ರಿ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಅವನ ಕಿವಿ ಸವರುತ್ತಿದ್ದರು. ಆ ಮನೆಯಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಕೈಕಾಲಿನ ಶಕ್ತಿಗೆ. ಅದನ್ನು ಲೆಕ್ಕ ಹಾಕಬೇಕಾಗಿದ್ದವನು ನಾನು.

ಇನ್ನೊಂದು ಸಂಗತಿ. ಅಮ್ಮ ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆ ಪುಟದ ತನಕ ಓದುವವಳು. ಆದರೆ ರಾಜನ ಉಣ್ಣೆಗೆ ತಂದ ಔಷಧಿಯ ಬಾಟಲಿಯ ಮೇಲೆ ಒಂದಕ್ಷರವೂ ಕನ್ನಡವಿರಲಿಲ್ಲ. ನೀರಿಗೆ ಬೆರೆಸಿ ಹಚ್ಚಬೇಕಾದ್ದನ್ನು ಹಾಗೇ ಹಚ್ಚಿಬಿಟ್ಟಳು. ರಾಜ ಜೊಲ್ಲು ಸುರಿಸಿ, ತೂರಾಡಿ ಬಿದ್ದ. ಪಶುವೈದ್ಯರು ಸಿಕ್ಕಿದ್ದರಿಂದ ಉಳಿದ. ಕನ್ನಡ ಬರೀ ಬೋರ್ಡಿನ ವಿಷಯ ಎನ್ನುವವರಿಗೆ ನಾನು ಈ ಬಾಟಲಿಯ ಕತೆ ಹೇಳುತ್ತೇನೆ.

ಈಗ ನನ್ನನ್ನು ಹೆಚ್ಚು ಚುಚ್ಚುವ ಮಾತು. ನಮ್ಮ ಗೇಟಿನ ಮುಂದೆ ಕೆಂಚಿ ಅಂತ ಒಂದು ಬೀದಿನಾಯಿ ಆರು ವರ್ಷದಿಂದ ಇತ್ತು. ಅಮ್ಮ ದಿನಾ ಅದಕ್ಕೆ ಅನ್ನ, ಮುದ್ದೆ ಹಾಕುತ್ತಿದ್ದಳು. ಅಮ್ಮ ಅಂಗಡಿಗೆ ಹೊರಟರೆ ಅದೂ ಹಿಂದೆ ಹೋಗಿ, ಚೀಲದ ಜೊತೆ ವಾಪಸು ಬರುತ್ತಿತ್ತು. ಅಂದರೆ ಅಮ್ಮನಿಗೆ ಜೊತೆ ಆಗಲೇ ಇತ್ತು! ನಾನು ಕೇಳಲೇ ಇಲ್ಲ. ಫೋನಿನಲ್ಲಿ ಎಷ್ಟೋ ಸಲ "ಕೆಂಚಿ ಮರಿ ಹಾಕಿದೆ" ಅಂದಿದ್ದಳು, ನಾನು "ಹೌದಾ" ಅಂದು ಬೇರೆ ಮಾತಿಗೆ ಹೋಗಿದ್ದೆ. ಆ ಮರಿಗಳಲ್ಲಿ ಹೆಚ್ಚಿನವು ವಾಹನಕ್ಕೆ ಸಿಕ್ಕು ಸತ್ತವು. ಒಂದು ಶಸ್ತ್ರಚಿಕಿತ್ಸೆ, ವರ್ಷಕ್ಕೊಂದು ಲಸಿಕೆ, ಇಷ್ಟಕ್ಕೆ ನಾನು ಆ 15,000ದಲ್ಲಿ ಒಂದು ಪಾಲು ಕೊಟ್ಟಿದ್ದರೂ ಸಾಕಿತ್ತು.

ಲಸಿಕೆ ಅಂದಾಗ ಒಂದು ಗಂಭೀರ ವಿಷಯ. ಬೀದಿನಾಯಿಗೆ ಹೆದರುವವರನ್ನು ನಾವು ಪ್ರಾಣಿಪ್ರಿಯರು ಗೇಲಿ ಮಾಡಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ ರೇಬೀಸ್ ಸಾವುಗಳಲ್ಲಿ ಶೇ. 36ರಷ್ಟು ಭಾರತದಲ್ಲಿ. ಮನುಷ್ಯರಿಗೆ ರೇಬೀಸ್ ಬರುವುದು ಶೇ. 99ರಷ್ಟು ನಾಯಿಯಿಂದಲೇ. ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೆಂದೇ ಹೇಳಬೇಕು. ಕಚ್ಚಿಸಿಕೊಳ್ಳುವವರು ನಮ್ಮಂತೆ ಕಾರಿನಲ್ಲಿ ಓಡಾಡುವವರಲ್ಲ, ನಡೆದು ಸ್ಕೂಲಿಗೆ ಹೋಗುವ ಮಕ್ಕಳು. ಆದರೆ ದಾರಿಯೂ ಇದೆ. ಒಂದು ಊರಿನ ಶೇ. 70ರಷ್ಟು ನಾಯಿಗಳಿಗೆ ಲಸಿಕೆ ಹಾಕುತ್ತಾ ಬಂದರೆ ರೋಗದ ಸರಪಳಿ ಕಡಿಯುತ್ತದೆ. ನಾಯಿ ಕಚ್ಚಿದರೆ ಗಾಯವನ್ನು ತಕ್ಷಣ ಸೋಪು, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಮಂತ್ರ ಯಾವುದೂ ಬೇಡ. ಇವತ್ತು ರಾತ್ರಿ ಮನೆಗೆ ಫೋನ್ ಮಾಡಿದಾಗ ಇದನ್ನು ಹೇಳಿ.

"ಹಾಗಾದ್ರೆ ನಮ್ಮದೇ ಮುಧೋಳ ನಾಯಿ ಕೊಡಿಸೋಣ ಸಾರ್, ಕನ್ನಡದ ನಾಯಿ!" ಎಂದು ಗೆಳೆಯರೊಬ್ಬರು ಅಂದರು. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ತಳಿ, ಅಭಿಮಾನ ಸಹಜ. ಆದರೆ ಅದು ಬಯಲಿನಲ್ಲಿ ಬೇಟೆಯ ಹಿಂದೆ ಓಡಲು ಹುಟ್ಟಿದ ನಾಯಿ. ಎರಡು ಕೋಣೆಯ ಫ್ಲಾಟಿನಲ್ಲಿ ಅದನ್ನು ಕೂಡಿಹಾಕಿದರೆ ಅಭಿಮಾನ ನಮ್ಮದು, ಶಿಕ್ಷೆ ಅದರದು.

ಕನ್ನಡದ ನಾಯಿ ಅಂದರೆ ನನಗೆ ಕಾಳಿಯ ನೆನಪಾಗುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸುಮಾರು ಕ್ರಿ.ಶ. 950ರ ಒಂದು ಶಾಸನ ಸಿಕ್ಕಿದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಏನು ಬೇಕು ಕೇಳು ಎಂದರೆ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಕಾಡುಹಂದಿಯೊಡನೆ ಹೋರಾಡಿ ಹಂದಿಯೂ ಕಾಳಿಯೂ ಸತ್ತವು. ಅವನು ಕಣ್ಣೀರು ಹಾಕಿದನೋ ಇಲ್ಲವೋ, ಶಾಸನ ಹೇಳುವುದು ವ್ಯವಸ್ಥೆಯ ಮಾತು: ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿ ಬಿಟ್ಟು, ಪೂಜೆ ಮಾಡದೆ ಅರ್ಚಕ ಉಂಡರೆ ಪಾಪ ಎಂದು ಬರೆಸಿದ್ದಾರೆ. ಯಾರು, ಯಾವ ಖರ್ಚಿನಲ್ಲಿ, ಎಷ್ಟು ದಿನ ನೋಡಿಕೊಳ್ಳಬೇಕು? ಆಶ್ರಯಧಾಮದ ಆ ಹೆಂಗಸು ನನ್ನನ್ನು ಕೇಳಿದ್ದೂ ಇದನ್ನೇ ಅಲ್ಲವೇ!

ಆದ್ದರಿಂದ ನನ್ನ ಬೇಡಿಕೆಗಳು ನಾಲ್ಕು:

1. ಅಪ್ಪ ಅಮ್ಮನಿಗೆ ಅಚ್ಚರಿಯ ಕಾಣಿಕೆಯಾಗಿ ನಾಯಿಮರಿ ಕಳಿಸಬೇಡಿ. ಅವರೇ ಬೇಕು ಅಂದರೂ ಆ ಪ್ರಶ್ನೆಗಳನ್ನೆಲ್ಲ ನೀವೇ ಕೇಳಿ. ನಾಯಿ ಹತ್ತು ಹನ್ನೆರಡು ವರ್ಷ ಬದುಕುತ್ತದೆ. ಅಪ್ಪನ ಈಗಿನ ವಯಸ್ಸಿಗೆ ಹನ್ನೆರಡು ಕೂಡಿಸಿ ನೋಡಿ.

2. ಆಗಲೇ ಕೊಡಿಸಿದ್ದರೆ, ದಿನಕ್ಕೆ ಎರಡು ಹೊತ್ತು ನಡೆಸಲು ಸಂಬಳ ಕೊಟ್ಟು ಒಬ್ಬರನ್ನು ಗೊತ್ತುಮಾಡಿ. ಅಪ್ಪ ಅಮ್ಮ ಆಸ್ಪತ್ರೆ ಸೇರಿದರೆ ನಾಯಿ ಯಾರ ಮನೆಗೆ ಎನ್ನುವುದು ಇವತ್ತೇ ತೀರ್ಮಾನವಾಗಲಿ.

3. ನಾಯಿ ಬೇಕೇ ಬೇಕು ಅಂದರೆ ಬೀದಿಯಲ್ಲಿ ಹುಟ್ಟಿದ ನಾಟಿ ನಾಯಿಯನ್ನು ನೋಡಿ. ನಿಮ್ಮ ಬೀದಿಯ ಕೆಂಚಿಯರ ಲಸಿಕೆ, ಶಸ್ತ್ರಚಿಕಿತ್ಸೆಯ ಖರ್ಚು ವಹಿಸಿಕೊಳ್ಳಿ.

4. ನಮ್ಮಲ್ಲಿ ಡಾಕ್ಟರುಗಳಿದ್ದಾರೆ, ಚೆನ್ನಾಗಿ ಬರೆಯುವವರಿದ್ದಾರೆ. ಲಸಿಕೆ, ಉಣ್ಣೆ ಔಷಧಿ, ನಾಯಿಗೆ ಕೊಡಬಾರದ ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್, ಬೆಕ್ಕಿಗೆ ಒಂದು ಮಾತ್ರೆಯೂ ವಿಷವಾಗುವ ಪ್ಯಾರಾಸಿಟಮಾಲ್, ಇಷ್ಟನ್ನು ಎರಡು ಪುಟ ಕನ್ನಡದಲ್ಲಿ ಬರೆದು, ಪಶುವೈದ್ಯರಿಗೆ ತೋರಿಸಿ, ಊರಿಗೆ ಕಳಿಸೋಣ. ನಾನು ಮೊದಲ ಕರಡು ಬರೆಯುತ್ತೇನೆ, ನೀವು ತಿದ್ದಿ.

ರಾಜ ಏನಾದ ಅಂತ ಕೇಳುತ್ತೀರಿ. ಬೀದಿಯ ಕೊನೆಯ ಮನೆಯ ಕಾಲೇಜು ಹುಡುಗ ದಿನಾ ಎರಡು ಹೊತ್ತು ಓಡಿಸಿಕೊಂಡು ಬರುತ್ತಾನೆ. ತಿಂಗಳ ಸಂಬಳ ನನ್ನದು. ಸರಪಳಿ ಗುಜರಿಗೆ ಹೋಯಿತು. ಈಗ ರಾಜನ ಮೂತಿ ನರೆತಿದೆ, ಅಪ್ಪನಷ್ಟೇ ನಿಧಾನ ನಡೆಯುತ್ತಾನೆ. ಕೆಂಚಿಗೆ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಅದಾದ ಮೇಲೆ ನಾಲ್ಕು ವರ್ಷ ಗೇಟಿನ ಮುಂದೆಯೇ ಇದ್ದು ಹೋಯಿತು. "ಎಲ್ಲಾ ಸರಿಹೋಯ್ತಲ್ಲ ಬಿಡಿ" ಅನ್ನಬೇಡಿ. ರಾಜ ಸರಪಳಿಯಲ್ಲಿ ಕಳೆದ ಒಂಬತ್ತು ತಿಂಗಳನ್ನು ನಾನು ವಾಪಸು ಕೊಡಲಾರೆ.

ಹತ್ತು ನಿಮಿಷ ದಾಟಿತು, ಮಕ್ಕಳು ಕೋಲು ಹಿಡಿದು ನಿಂತಿದ್ದಾರೆ. ಎರಡು ಪುಟದ ಕೆಲಸಕ್ಕೆ ಕೈಜೋಡಿಸುವವರು ಊಟದ ಸಾಲಿನಲ್ಲಿ ನನ್ನನ್ನು ಹಿಡಿಯಿರಿ.