ಗಲ್ಲಿಗೇರಿಸಿ ಅನ್ನುವ ಮುಂಚೆ

(ನಂದಿಗುಡಿಯಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಎಲ್ಲೋ ಒಂದು ಕಡೆ ಹೆಣ್ಣುಮಗುವಿನ ಮೇಲೆ ಅತ್ಯಾಚಾರವಾಯಿತು, ಕೊಲೆಯಾಯಿತು ಅಂತ ಟಿ.ವಿ.ಯಲ್ಲಿ ಸುದ್ದಿ ಬಂದ ಕೂಡಲೇ ನಮ್ಮ ಬಾಯಿಂದ ಬರುವ ಮೊದಲ ಮಾತು "ಅವನನ್ನ ಗಲ್ಲಿಗೆ ಹಾಕ್ರಿ" ಅಂತ. ಆ ಸಿಟ್ಟು ತಪ್ಪಲ್ಲ. ಹೆತ್ತ ಹೊಟ್ಟೆಗೆ ಆ ಸಂಕಟ ಗೊತ್ತು. ಕೊಲೆಗಾರನ ಮೇಲೆ ಕನಿಕರ ತೋರಿಸ್ರಿ ಅಂತ ಹೇಳಲು ನಾವು ಇಲ್ಲಿ ಸೇರಿಲ್ಲ. ನಮ್ಮ ಪ್ರಶ್ನೆ ಒಂದೇ. ಕೊಂದವನು ಇವನೇ ಅಂತ ನಮಗೆ ಹೇಗೆ ಗೊತ್ತಾಯಿತು?

ನಮ್ಮ ಸಂಘದಲ್ಲಿ ಒಬ್ಬ ಸದಸ್ಯೆ ಸಾಲದ ಕಂತು ಕಟ್ಟಿಲ್ಲ ಅಂತ ಮಾತು ಬಂದರೆ ಏನು ಮಾಡ್ತೀವಿ? ಲೆಕ್ಕದ ಪುಸ್ತಕ ತೆಗೀತೀವಿ. ಪಾಸ್‌ಬುಕ್ ತಾಳೆ ನೋಡ್ತೀವಿ. ಅವಳ ಮಾತನ್ನೂ ಕೇಳ್ತೀವಿ. ದಂಡ ಹಾಕುವುದು ಆಮೇಲೆ. ದಂಡ ಕಟ್ಟಿಸಿಕೊಂಡ ಮೇಲೆ ರಸೀದಿ ಸಿಕ್ಕಿತು ಅಂದರೆ ಹಣ ವಾಪಸ್ ಕೊಡ್ತೀವಿ. ನೂರು ರೂಪಾಯಿಗೆ ಇಷ್ಟು ಜೋಪಾನ ಮಾಡುವ ನಾವು, ಒಂದು ಜೀವದ ವಿಷಯದಲ್ಲಿ ಕೇಳಿದ ಸುದ್ದಿಯನ್ನೇ ತೀರ್ಪು ಅಂದುಕೊಳ್ಳಬಹುದೇ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ನಮ್ಮ ರಾಜ್ಯದಲ್ಲೇ ನಡೆದದ್ದು ಕೇಳಿ. ಕೊಡಗಿನ ಕುಶಾಲನಗರದ ಹತ್ತಿರದ ಒಬ್ಬ ಬಡ ಬುಡಕಟ್ಟು ಮನುಷ್ಯ. ಅವನ ಹೆಂಡತಿ 2020ರಲ್ಲಿ ಮನೆ ಬಿಟ್ಟು ಹೋದಳು. ಕಾಣೆಯಾಗಿದ್ದಾಳೆ ಅಂತ ಪೊಲೀಸರಿಗೆ ದೂರು ಕೊಟ್ಟವನು ಅವನೇ. ಅತ್ತ ಮೈಸೂರು ಜಿಲ್ಲೆಯ ಬೆಟ್ಟದಪುರದ ಕಡೆ ಒಂದು ಹೆಣ್ಣಿನ ಅಸ್ಥಿಪಂಜರ ಸಿಕ್ಕಿತ್ತು. ಅದು ಅವಳದ್ದೇ, ಕೊಂದವನು ಗಂಡನೇ ಅಂತ ಕೇಸಾಯಿತು. ಡಿ.ಎನ್.ಎ. ಪರೀಕ್ಷೆಯ ವರದಿ ಬರುವ ಮುಂಚೆಯೇ ದೋಷಾರೋಪ ಪಟ್ಟಿ ಕೋರ್ಟಿಗೆ ಹೋಯಿತು. ವರದಿ ಬಂದಾಗ ಎಲುಬು ಅವಳದ್ದಲ್ಲ ಅಂತ ತಿಳಿಯಿತು. ಅಷ್ಟಾದರೂ ಕೇಸು ನಡೆದೇ ಇತ್ತು. ಅವನು ಒಂದೂವರೆ ಎರಡು ವರ್ಷ ಜೈಲಿನಲ್ಲಿ ಕಳೆದ. 2025ರ ಏಪ್ರಿಲ್‌ನಲ್ಲಿ "ಸತ್ತ" ಹೆಂಡತಿ ಮಡಿಕೇರಿಯ ಹೋಟೆಲಿನಲ್ಲಿ ಜೀವಂತ ಕಣ್ಣಿಗೆ ಬಿದ್ದಳು! ಅವಳನ್ನು ಮೈಸೂರಿನ ಕೋರ್ಟಿಗೆ ಕರೆತಂದರು. ಕೋರ್ಟು ಅವನನ್ನು ಬಿಡುಗಡೆ ಮಾಡಿ ಒಂದು ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು.

ಕೊಲೆ ಸಾಬೀತಾದರೆ ನಮ್ಮ ಕಾನೂನಿನಲ್ಲಿ ಇರುವುದು ಎರಡೇ ಶಿಕ್ಷೆ, ಜೀವಾವಧಿ ಇಲ್ಲವೇ ಗಲ್ಲು. ಅವನಿಗೆ ಗಲ್ಲು ಆಗಿದ್ದರೆ ಆ ಪರಿಹಾರವನ್ನು ಯಾರ ಕೈಗೆ ಕೊಡಬೇಕಿತ್ತು, ಹೇಳ್ರಿ?

"ಅದು ಪೊಲೀಸರ ಮಟ್ಟದ ತಪ್ಪು, ದೊಡ್ಡ ಕೋರ್ಟಿನಲ್ಲಿ ಹೀಗಾಗಲ್ಲ" ಅಂತ ನಿಮಗೆ ಅನ್ನಿಸಬಹುದು. ಜಿಲ್ಲಾ ಕೋರ್ಟು ಗಲ್ಲು ವಿಧಿಸಿದರೆ ಹೈಕೋರ್ಟು ಒಪ್ಪಲೇಬೇಕು ಅಂತ ನಿಯಮವಿದೆ. ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಗಲ್ಲು ಅಂತ ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದೆ. ಆದರೆ ಇಷ್ಟು ಜರಡಿ ದಾಟಿಯೂ ತಪ್ಪು ಉಳಿದದ್ದುಂಟು. ಮಹಾರಾಷ್ಟ್ರದಲ್ಲಿ 2003ರಲ್ಲಿ ಒಂದೇ ಮನೆಯ ಐವರ ಕೊಲೆಯಾಯಿತು. ಅಲೆಮಾರಿ ಜನಾಂಗದ ಆರು ಮಂದಿಯನ್ನು ಹಿಡಿದರು. 2009ರಲ್ಲಿ ಸುಪ್ರೀಂ ಕೋರ್ಟೇ ಆರೂ ಜನಕ್ಕೆ ಗಲ್ಲು ಅಂದಿತು. 2019ರಲ್ಲಿ ಅದೇ ಸುಪ್ರೀಂ ಕೋರ್ಟು ಆರೂ ಜನ ನಿರ್ದೋಷಿಗಳು ಅಂತ ಬಿಡುಗಡೆ ಮಾಡಿತು. ಅಷ್ಟು ಹೊತ್ತಿಗೆ ಹದಿನಾರು ವರ್ಷ ಕಳೆದಿತ್ತು. ಆ ದಾಳಿಯಲ್ಲಿ ಬದುಕುಳಿದ ಹೆಣ್ಣುಮಗಳು ಮೊದಲೇ ಪೊಲೀಸರ ಫೋಟೋಗಳಲ್ಲಿ ಬೇರೆ ನಾಲ್ವರನ್ನು ಗುರುತಿಸಿದ್ದಳು. ಆ ದಾರಿಯಲ್ಲಿ ತನಿಖೆ ಹೋಗಲೇ ಇಲ್ಲ. ಒಬ್ಬ ಹೆಣ್ಣಿನ ಮಾತನ್ನು ಬದಿಗೆ ತಳ್ಳಿ ಆರು ಜನರ ಕುತ್ತಿಗೆಗೆ ಹಗ್ಗ ಹಾಕಲು ಹೊರಟಿದ್ದರು ಅಂದ ಹಾಗಾಯಿತು.

ಈ ಎರಡೂ ಕಡೆ ಸಿಕ್ಕಿಬಿದ್ದವರು ಯಾರು ನೋಡ್ರಿ. ಒಬ್ಬ ಬುಡಕಟ್ಟಿನವನು, ಆರು ಮಂದಿ ಅಲೆಮಾರಿಗಳು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ 2016ರಲ್ಲಿ ಹೊರತಂದ ವರದಿ ಪ್ರಕಾರ ಮರಣದಂಡನೆಗೆ ಗುರಿಯಾದವರಲ್ಲಿ ನೂರಕ್ಕೆ 74 ಮಂದಿ ಬಡವರು. ಒಳ್ಳೆಯ ವಕೀಲರನ್ನು ಇಡಲು ದುಡ್ಡಿಲ್ಲದವರ ಮಾತು ಕೋರ್ಟಿನಲ್ಲಿ ಪೂರ್ತಿ ಕೇಳಿಸುವುದೇ ಕಷ್ಟ. ನಾಳೆ ನಮ್ಮ ಮನೆಯ ಮಗನನ್ನೇ ಹಿಡಿದುಕೊಂಡು ಹೋದರೆ ನಮ್ಮ ಗತಿಯೂ ಅದೇ.

ತಪ್ಪು ಮನುಷ್ಯನನ್ನು ಹಿಡಿದರೆ ಸತ್ತ ಮಗಳಿಗೂ ನ್ಯಾಯ ಸಿಗುವುದಿಲ್ಲ. 2012ರಲ್ಲಿ ಧರ್ಮಸ್ಥಳದ ಬಳಿ ಹದಿನೇಳು ವರ್ಷದ ವಿದ್ಯಾರ್ಥಿನಿಯ ಕೊಲೆಯಾದಾಗ ಒಬ್ಬನನ್ನು ಹಿಡಿದರು. 2023ರಲ್ಲಿ ಬೆಂಗಳೂರಿನ ಸಿ.ಬಿ.ಐ. ವಿಶೇಷ ಕೋರ್ಟು ಅವನನ್ನು ಬಿಡುಗಡೆ ಮಾಡಿತು, ತನಿಖೆಯ ಲೋಪಗಳನ್ನೂ ಎತ್ತಿ ತೋರಿಸಿತು. ಹತ್ತು ವರ್ಷಕ್ಕೂ ಮೇಲೆ ಕಾದ ತಾಯಿಗೆ "ಹಾಗಾದರೆ ಕೊಂದವರು ಯಾರು?" ಅನ್ನುವ ಪ್ರಶ್ನೆಯೇ ಉಳಿಯಿತು. ಅವನನ್ನು ಅವತ್ತೇ ಗಲ್ಲಿಗೆ ಹಾಕಿದ್ದರೆ ಆ ಪ್ರಶ್ನೆಯನ್ನು ಕೇಳುವವರೂ ಇರುತ್ತಿರಲಿಲ್ಲ.

ಹಾಗಾದರೆ ಘೋರ ಅಪರಾಧ ಮಾಡಿದವನನ್ನು ಬಿಟ್ಟುಬಿಡುವುದೇ? ಬೇಡ. ಬೆಂಗಳೂರಿನಲ್ಲಿ 1991ರಲ್ಲಿ ಹೆಂಡತಿಯನ್ನು ಮನೆಯ ಆವರಣದಲ್ಲೇ ಹೂತ ಶ್ರದ್ಧಾನಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರಲ್ಲಿ ಗಲ್ಲನ್ನು ತೆಗೆದು, ಸಾಯುವ ತನಕ ಬಿಡುಗಡೆಯಿಲ್ಲದ ಜೈಲುಶಿಕ್ಷೆ ಕೊಟ್ಟಿತು. ಇದೇನೂ ಸಣ್ಣ ಶಿಕ್ಷೆಯಲ್ಲ. ಜೈಲಿನ ಬಾಗಿಲಿಗೆ ಬೀಗ ಬಿದ್ದಿರುತ್ತದೆ, ಆದರೆ ಸತ್ಯ ತಡವಾಗಿ ಬಂದರೆ ತೆಗೆಯಲು ಬೀಗದ ಕೈ ಇರುತ್ತದೆ. ನೇಣಿಗೆ ಅದಿಲ್ಲ.

ನಮ್ಮ ಸಂಘಗಳು ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ದೌರ್ಜನ್ಯವಾದರೆ ಮೊದಲು ಆ ಹೆಣ್ಣುಮಗಳ ಜೊತೆ ನಿಲ್ಲೋಣ. ಸ್ನಾನ ಮಾಡಿಸದೆ, ಬಟ್ಟೆ ತೊಳೆಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯೋಣ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಅತ್ಯಾಚಾರಕ್ಕೆ ಒಳಗಾದವರಿಗೆ ಉಚಿತ ಚಿಕಿತ್ಸೆ ಕೊಡಲೇಬೇಕು. ದೂರನ್ನು ಯಾವ ಠಾಣೆಯಲ್ಲಾದರೂ ಬರೆದುಕೊಳ್ಳಬೇಕು. ಪರೀಕ್ಷೆಯ ವರದಿ ಬಂತೇ, ಸಾಕ್ಷಿಗಳ ಹೇಳಿಕೆ ಆಯಿತೇ ಅಂತ ಗುಂಪಾಗಿ ಹೋಗಿ ಕೇಳೋಣ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಬಂಧನದಲ್ಲಿರುವವರಿಗೆ ಉಚಿತ ವಕೀಲರು ಸಿಗುತ್ತಾರೆ. ಅದಕ್ಕೆ ಹರಿಹರದ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು, 15100ಕ್ಕೆ ಫೋನೂ ಮಾಡಬಹುದು.

ಮುಂದೆ ಯಾರಾದರೂ ಗಲ್ಲಿಗೇರಿಸಿ ಅಂತ ಬರೆದ ಮನವಿ ಪತ್ರ ತಂದು ಸಹಿ ಕೇಳಿದರೆ, "ತನಿಖೆ ಸರಿಯಾಗಿ ಆಗಲಿ, ನಿಜವಾದ ತಪ್ಪಿತಸ್ಥ ಸಿಗಲಿ" ಅಂತ ಬರೆದುಕೊಂಡು ಬನ್ರಿ ಅನ್ನೋಣ. ಅದಕ್ಕೆ ಎಲ್ಲರೂ ಸೇರಿ ಸಹಿ ಹಾಕೋಣ.