ಕಾನ್ವೆಂಟ್ ಎಂಬ ಶಬ್ದದ ಋಣ

ಶಬ್ದಗಳಿಗೂ ಮನುಷ್ಯರಂತೆ ವಲಸೆಯುಂಟು. ಹುಟ್ಟಿದ ಮನೆಯನ್ನು ಬಿಟ್ಟುಬಂದು, ಪರಭಾಷೆಯ ಅಂಗಳದಲ್ಲಿ ನೆಲೆಸಿ, ಕೆಲಕಾಲದ ಮೇಲೆ ತಮ್ಮ ಕುಲಗೋತ್ರಗಳನ್ನೇ ಮರೆತುಬಿಡುವ ಶಬ್ದಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂಥ ಎರಡು ಶಬ್ದಗಳನ್ನು ಹಿಡಿದು, ಅವುಗಳ ಹಿಂದೆ ನಿಂತಿರುವ ಕೆಲವು ಸ್ತ್ರೀಯರ ಕಾರ್ಯವನ್ನು ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ. ಒಂದು ‘ಕಾನ್ವೆಂಟ್’, ಇನ್ನೊಂದು ‘ಸಿಸ್ಟರ್’.

ನಾನು ಕಾಗವಾಡ ತಾಲೂಕಿನ ಶಿರಗುಪ್ಪಿಯವನು. ಕೃಷ್ಣೆಗೆ ಸಮೀಪವಾದ ಕಬ್ಬಿನ ಸೀಮೆ. ಕನ್ನಡ ಮರಾಠಿಗಳೆರಡೂ ಒಂದೇ ಕಟ್ಟೆಯ ಮೇಲೆ ಕುಳಿತು ಮಾತಾಡುವ ಗಡಿನಾಡು. ನಮ್ಮ ಕಡೆ ಒಬ್ಬ ರೈತ “ನಮ್ಮ ಹುಡುಗ ಕಾನ್ವೆಂಟಿಗೆ ಹೋಗತಾನ್ರಿ” ಎಂದರೆ ಅದರಲ್ಲಿ ಹೆಮ್ಮೆಯುಂಟು. ಆ ಶಾಲೆಗೆ ಯಾವ ದೇವರ ಹೆಸರಾದರೂ ಇರಬಹುದು, ಅದರ ಆಡಳಿತ ಯಾವ ಧರ್ಮದವರ ಕೈಯಲ್ಲಾದರೂ ಇರಬಹುದು. ಇಂಗ್ಲಿಷಿನಲ್ಲಿ ಪಾಠ, ಕೊರಳಿಗೆ ಟೈ, ತಿಂಗಳಿಗೆ ಫೀ, ಈ ಮೂರು ಇದ್ದರೆ ಅದು ಕಾನ್ವೆಂಟ್. ಅಲ್ಲಿ ಒಬ್ಬಳಾದರೂ ಕ್ರೈಸ್ತ ಸಂನ್ಯಾಸಿನಿ ಇರಬೇಕೆಂಬ ನಿಯಮವಿಲ್ಲ.

ಆದರೆ ಮೂಲದಲ್ಲಿ ಈ ಶಬ್ದಕ್ಕೂ ಶಾಲೆಗೂ ಸಂಬಂಧವೇ ಇಲ್ಲ. ಲ್ಯಾಟಿನ್ ಭಾಷೆಯಲ್ಲಿ ಅದರ ಧಾತುವಿಗೆ ‘ಕೂಡಿ ಬರುವುದು’ ಎಂದರ್ಥ. ಒಂದು ವ್ರತವನ್ನು ಹಿಡಿದು ಕೂಡಿಬಂದವರ ನೆಲೆಯೇ ಕಾನ್ವೆಂಟ್. ಕೂಡಲ, ಸಂಗಮ ಎಂಬ ಮಾತುಗಳನ್ನು ಬಲ್ಲ ನಮಗೆ ಈ ಅರ್ಥ ಅಪರಿಚಿತವಲ್ಲ. ಆ ನೆಲೆಯಲ್ಲಿ ಇರುವವರು ಮೂರು ವ್ರತಗಳನ್ನು ಕೈಕೊಂಡವರು: ಬಡತನ, ಬ್ರಹ್ಮಚರ್ಯ, ವಿಧೇಯತೆ. ಮೊದಲನೆಯ ವ್ರತವೇ ಬಡತನ ಎಂಬುದನ್ನು ಶ್ರೋತೃಗಳು ದಯವಿಟ್ಟು ನೆನಪಿನಲ್ಲಿಡಬೇಕು. ಈ ಭಾಷಣದ ಕೊನೆಗೆ ಅದರ ಹತ್ತಿರವೇ ಬರುತ್ತೇನೆ.

ಈ ಧರ್ಮಭಗಿನಿಯರು ಕನ್ನಡ ನಾಡಿಗೆ ಬಂದುದು ಎಂದು? ಫ್ರಾನ್ಸಿನ ಆಂಜೆ ಪಟ್ಟಣದಲ್ಲಿ ನೆಲೆಯಿದ್ದ ಗುಡ್ ಶೆಫರ್ಡ್ ಸಂಘದವರು 1854ರಲ್ಲಿ ಬೆಂಗಳೂರಿಗೆ ಬಂದರು. ಪಶ್ಚಿಮ ಕರಾವಳಿಯ ಕಥೆ ಇನ್ನೂ ಸ್ವಾರಸ್ಯವಾದುದು. 1823ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳಾಗಿ ಜನಿಸಿದ ಸೋಫಿ ಲೀವ್ಸ್ ಎಂಬಾಕೆ ಮುಂದೆ ಕ್ಯಾಥೊಲಿಕ್ ಪಂಥವನ್ನು ಸೇರಿ ಮದರ್ ವೆರೋನಿಕಾ ಆದರು. ಕಲ್ಲಿಕೋಟೆಯಲ್ಲಿ ಕೆಲಸ ಮಾಡುತ್ತಿದ್ದಾಗ, ಈ ಕರಾವಳಿಯ ಹೆಣ್ಣುಮಕ್ಕಳಿಗೆ ಓದು ಕಲಿಸುವುದಕ್ಕಾಗಿಯೇ ಒಂದು ಭಗಿನಿ ಸಂಘ ಬೇಕೆಂಬುದು ಅವರಿಗೆ ಮನವರಿಕೆಯಾಯಿತು. 1868ರಲ್ಲಿ ಫ್ರಾನ್ಸಿನ ಬಯೋನಿನಲ್ಲಿ ಅಪೊಸ್ಟೋಲಿಕ್ ಕಾರ್ಮೆಲ್ ಸಂಘವನ್ನು ಅವರು ಸ್ಥಾಪಿಸಿದರು. 1870ರ ನವೆಂಬರಿನಲ್ಲಿ ಅದರ ಮೂವರು ಭಗಿನಿಯರು ಮಂಗಳೂರಿಗೆ ಬಂದಿಳಿದರು. 1887ರಲ್ಲಿ ಅದೇ ಮಂಗಳೂರಿನಲ್ಲಿ ಜರ್ಮನ್ ಜೆಸ್ವಿಟ್ ಪಾದ್ರಿ ಉರ್ಬನ್ ಸ್ಟೈನ್ ಅವರ ಮಾರ್ಗದರ್ಶನದಲ್ಲಿ ಊರಿನ ತರುಣಿಯರೇ ಸೇರಿ ಉರ್ಸುಲೈನ್ ಫ್ರಾನ್ಸಿಸ್ಕನ್ ಸಂಘವನ್ನು ಕಟ್ಟಿದರು. ಹೊರಗಿನಿಂದ ಬಂದ ವ್ರತ ಹದಿನೇಳೇ ವರ್ಷಗಳಲ್ಲಿ ನೆಲದ ಮಕ್ಕಳ ಕೈಗೂ ಬಂದಿತು.

ಆ ಕಾಲದ ಕಷ್ಟವೊಂದನ್ನು ನಾವು ಅರ್ಥಮಾಡಿಕೊಳ್ಳಬೇಕು. ಮಗಳನ್ನು ಗಂಡಸು ಮೇಷ್ಟರ ಮುಂದೆ ಕೂಡ್ರಿಸಲು ತಂದೆತಾಯಿಗಳು ಒಪ್ಪುತ್ತಿರಲಿಲ್ಲ. ಹೆಂಗಸು ಮೇಷ್ಟರು ಬೇಕೆಂದರೆ ಓದಿದ ಹೆಂಗಸರೇ ಇರಲಿಲ್ಲ. ಶಿಕ್ಷಕಿಯಿಲ್ಲದೆ ವಿದ್ಯಾರ್ಥಿನಿಯಿಲ್ಲ, ವಿದ್ಯಾರ್ಥಿನಿಯಿಲ್ಲದೆ ಶಿಕ್ಷಕಿಯಿಲ್ಲ! ಈ ಚಕ್ರವನ್ನು ಯಾರಾದರೂ ಒಂದು ಕಡೆ ಮುರಿಯಲೇಬೇಕಾಗಿತ್ತು. ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆಯವರು 1848ರಲ್ಲಿ ಅದನ್ನು ಮುರಿದರು. ಮಂಗಳೂರಿನಲ್ಲಿ ಸೇಂಟ್ ಆನ್ಸ್ ಕಾನ್ವೆಂಟಿನ ಭಗಿನಿಯರು ಶಾಲೆಯ ಜೊತೆಗೇ ಶಿಕ್ಷಕಿಯರ ತರಬೇತಿಯನ್ನೂ ಬೆಳೆಸಿ ಅದನ್ನು ಮುರಿದರು. 1921ರಲ್ಲಿ ಅದೇ ಸಂಘ ಸೇಂಟ್ ಆಗ್ನೆಸ್ ಮಹಿಳಾ ಕಾಲೇಜನ್ನು ತೆರೆಯಿತು. ಬಯಲುಸೀಮೆಯ ಎಷ್ಟೋ ತಾಲೂಕುಗಳಲ್ಲಿ ಹುಡುಗಿಯರಿಗೆ ಮಾಧ್ಯಮಿಕ ಶಾಲೆಯೂ ಇಲ್ಲದ ಕಾಲ ಅದು.

ಇನ್ನು ‘ಸಿಸ್ಟರ್’ ಶಬ್ದ. ನಮ್ಮ ಭಾಗದ ಜನಕ್ಕೆ ಜಡ್ಡು ಬಲವಾದರೆ ಮಿರಜಿಗೆ ಹೋಗುವುದು ಹಳೆಯ ರೂಢಿ. ಅಲ್ಲಿ 1894ರಲ್ಲಿ ಆಸ್ಪತ್ರೆಯನ್ನು ತೆರೆದ ಡಾಕ್ಟರ್ ವಿಲಿಯಂ ವಾನ್ಲೆಸ್ ಪ್ರೊಟೆಸ್ಟಂಟ್ ಮಿಶನಿನವರು. ಅದು ಸಂನ್ಯಾಸಿನಿಯರ ಆಸ್ಪತ್ರೆಯಲ್ಲ. ಆದರೂ ಅಲ್ಲಿಗೆ ಹೋಗಿಬಂದ ನಮ್ಮ ಹಳ್ಳಿಯ ಮುದುಕಿಯರು ಶುಶ್ರೂಷೆ ಮಾಡಿದವಳನ್ನು “ಸಿಸ್ಟರ್ ಬಾಯಿ” ಎಂದೇ ಕರೆಯುತ್ತಿದ್ದರು. ಯುರೋಪಿನಲ್ಲಿ ರೋಗಿಗಳ ಆರೈಕೆ ಶತಮಾನಗಳ ಕಾಲ ಸಂನ್ಯಾಸಿನಿಯರ ಕೈಯಲ್ಲಿದ್ದುದರಿಂದ ಅವರ ‘ಭಗಿನಿ’ ಎಂಬ ಸಂಬೋಧನೆ ಎಲ್ಲ ದಾದಿಯರಿಗೂ ಅಂಟಿಕೊಂಡಿತು. ಅದೇ ಹೆಸರು ಹಡಗು ಹತ್ತಿ ಇಲ್ಲಿಗೂ ಬಂದಿತು. ಕಾನ್ವೆಂಟ್ ಶಬ್ದ ತನ್ನ ನಂಟನ್ನು ಕಳೆದುಕೊಂಡಿದೆ. ಸಿಸ್ಟರ್ ಶಬ್ದ ಇನ್ನೂ ನಂಟಿನ ಶಬ್ದವಾಗಿಯೇ ಉಳಿದಿದೆ.

ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಭಗಿನಿಯರು 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ತೆರೆದರು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಬಡವರಿಗಾಗಿ ಆರಂಭಿಸಿದ ಹೋಮಿಯೋಪಥಿ ಔಷಧಾಲಯ ದೊಡ್ಡ ಆಸ್ಪತ್ರೆಯಾಗಿ ಬೆಳೆದಾಗ, ಅದರ ಶುಶ್ರೂಷೆಯ ಹೊರೆಯನ್ನು ಇಟಲಿಯ ಮೂಲದ ಸಿಸ್ಟರ್ಸ್ ಆಫ್ ಚಾರಿಟಿ ಸಂಘದವರು ಹೊತ್ತರು. ಆದರೆ ಇಲ್ಲಿ ಒಂದು ವಿಚಿತ್ರವಾದ ತೊಡಕಿತ್ತು. ಸಂನ್ಯಾಸಿನಿಯರು ಹೆರಿಗೆ ಮಾಡಿಸುವುದನ್ನಾಗಲಿ ವೈದ್ಯವೃತ್ತಿಯನ್ನಾಗಲಿ ಕೈಕೊಳ್ಳಲು ಅವರ ಸಭೆಯ ನಿಯಮಗಳೇ ಅಡ್ಡವಾಗಿದ್ದವು. ಪರಪುರುಷ ವೈದ್ಯನ ಕೈಗೆ ನಾಡಿಯನ್ನೂ ಕೊಡದ ಬಾಣಂತಿಯರು ಇರುವ ದೇಶದಲ್ಲಿ ಈ ನಿಷೇಧದ ಫಲ ಏನೆಂಬುದನ್ನು ವಿವರಿಸಬೇಕಾಗಿಲ್ಲ.

ಆ ಬಾಗಿಲನ್ನು ತಟ್ಟಿದವರಲ್ಲಿ ಮೇರಿ ಗ್ಲೌರಿ ಒಬ್ಬರು. 1887ರಲ್ಲಿ ಆಸ್ಟ್ರೇಲಿಯದಲ್ಲಿ ಹುಟ್ಟಿ, ಮೆಲ್ಬೋರ್ನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಪದವಿ ಪಡೆದ ಈಕೆ 1920ರಲ್ಲಿ ಆಂಧ್ರದ ಗುಂಟೂರಿಗೆ ಬಂದು ಸಂನ್ಯಾಸಿನಿಯಾದರು. ವೈದ್ಯವೃತ್ತಿಯನ್ನು ಮುಂದುವರಿಸಲು ಅವರು ಪೋಪರಿಂದ ವಿಶೇಷ ಅನುಮತಿಯನ್ನೇ ಪಡೆಯಬೇಕಾಯಿತು. 1936ರಲ್ಲಿ ರೋಮಿನಿಂದ ಬಂದ ಆದೇಶ ಆ ನಿಷೇಧವನ್ನು ಎಲ್ಲರ ಮಟ್ಟಿಗೂ ಸಡಿಲಿಸಿತು. 1943ರಲ್ಲಿ ಗುಂಟೂರಿನಲ್ಲಿ ಹದಿನಾರು ಭಗಿನಿಯರು ಕೂಡಿ ಕ್ಯಾಥೊಲಿಕ್ ಆಸ್ಪತ್ರೆಗಳ ಸಂಘವನ್ನು ಕಟ್ಟಿದಾಗ ಅದರ ಮುಂದಾಳು ಗ್ಲೌರಿಯವರೇ. ನಮ್ಮ ದೇಶದಲ್ಲಿಯೇ ಒಂದು ವೈದ್ಯಕೀಯ ಕಾಲೇಜು ಬೇಕೆಂಬುದು ಅವರ ಹಂಬಲವಾಗಿತ್ತು. 1957ರಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಆರು ವರ್ಷಗಳ ತರುವಾಯ, 1963ರಲ್ಲಿ, ಅದೇ ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆರಂಭವಾಯಿತು. ಅಲ್ಲಿ ಭಗಿನಿಯರೂ ಕಲಿತು ವೈದ್ಯರಾದರು, ವೈದ್ಯರಿಲ್ಲದ ಹಳ್ಳಿಗಳಿಗೂ ಹೋದರು.

ಇಲ್ಲಿಯವರೆಗೆ ಹೇಳಿದ್ದು ಕೀರ್ತಿಯ ಕಥೆ. ಆದರೆ ಕೀರ್ತಿ ಬಂದ ಮನೆಗೆ ಬೇರೊಂದು ಕಷ್ಟವೂ ಬರುತ್ತದೆ. ಭಗಿನಿಯರ ಶಾಲೆಯಲ್ಲಿ ಶಿಸ್ತು ಚೆನ್ನಾಗಿದೆ, ಇಂಗ್ಲಿಷ್ ಚೆನ್ನಾಗಿದೆ ಎಂದು ಹೆಸರಾದೊಡನೆ ಅಧಿಕಾರಿಗಳ ಮಕ್ಕಳು ಬಂದರು, ವಕೀಲರ ಮಕ್ಕಳು ಬಂದರು, ವರ್ತಕರ ಮಕ್ಕಳು ಬಂದರು. ಫೀ ಏರಿತು, ಕಟ್ಟಡ ಏರಿತು, ಗೋಡೆಯೂ ಏರಿತು. ಗೋಡೆಯ ಹೊರಗೆ ಉಳಿದವರು ಯಾರು? ಯಾರ ಸಲುವಾಗಿ ಬಾಗಿಲು ತೆರೆದಿದ್ದರೋ ಅವರೇ. ಒಬ್ಬೊಬ್ಬ ಭಗಿನಿಯೂ ಬಡತನದ ವ್ರತದಲ್ಲಿದ್ದಾಳೆ. ಆಕೆಗೆ ಸ್ವಂತದ ಬ್ಯಾಂಕ್ ಖಾತೆಯಿಲ್ಲ, ಸ್ವಂತದ ಮನೆಯಿಲ್ಲ. ಆದರೆ ಬಡವಳಾದ ಆಕೆ ನಡೆಸುವ ಸಂಸ್ಥೆಯೊಳಗೆ ಬಡವನ ಮಗು ಕಾಲಿಡಲಾರದು. ಇದು ನಾನು ಹೊರಗೆ ನಿಂತು ಮಾಡುವ ಆಕ್ಷೇಪವಲ್ಲ. ಈ ನೋವು ಮೊದಲು ಕಾಡಿದ್ದು ಕಾನ್ವೆಂಟಿನ ಒಳಗಿದ್ದವರನ್ನೇ.

1948ರಲ್ಲಿ ಕಲಕತ್ತೆಯ ಲೊರೆಟೊ ಕಾನ್ವೆಂಟಿನ ಶಿಕ್ಷಕಿಯೊಬ್ಬರು ಆ ಗೋಡೆಯನ್ನು ದಾಟಿ ಕೊಳೆಗೇರಿಗೆ ನಡೆದುದನ್ನು ಜಗತ್ತು ಬಲ್ಲದು. ಮದರ್ ತೆರೇಸಾ ಎಂಬ ಹೆಸರಿನ ಪರಿಚಯವನ್ನು ನಾನು ಮಾಡಿಕೊಡಬೇಕಾಗಿಲ್ಲ. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ, ಪ್ರತಿಯೊಂದು ಸಂಘವೂ ತನ್ನನ್ನು ಸ್ಥಾಪಿಸಿದವರ ಮೂಲ ಆಶಯಕ್ಕೆ ಮರಳಬೇಕೆಂದು ಕರೆಕೊಟ್ಟಿತು. ಅಲ್ಲಿಂದಾಚೆಗೆ ಇಬ್ಬರು ಮೂವರು ಭಗಿನಿಯರು ಸೇರಿ, ಸೀರೆಯುಟ್ಟು, ಹಳ್ಳಿಯಲ್ಲೊಂದು ಸಣ್ಣ ಮನೆ ಮಾಡಿಕೊಂಡು ಇರುವುದು ನಮ್ಮಲ್ಲಿಯೂ ಕಾಣತೊಡಗಿತು. ಒಂದು ಔಷಧಾಲಯ, ಒಂದು ಬಾಲವಾಡಿ, ಒಂದು ಹೊಲಿಗೆಯ ತರಗತಿ, ವಾರಕ್ಕೊಮ್ಮೆ ಹೆಂಗಸರ ಸಂಘ. ಇದು ಅವರ ಮೂರನೆಯ ಕೆಲಸ. ಶಾಲೆಗೆ ಕಾನ್ವೆಂಟ್ ಎಂಬ ಶಬ್ದ ಬಂದಂತೆ, ಆಸ್ಪತ್ರೆಗೆ ಸಿಸ್ಟರ್ ಎಂಬ ಶಬ್ದ ಬಂದಂತೆ, ಇದಕ್ಕೆ ಯಾವ ಪರಭಾಷೆಯ ಶಬ್ದವೂ ಬರಲಿಲ್ಲ. ‘ಸಂಘ’ ಎಂಬ ನಮ್ಮ ಹಳೆಯ ಶಬ್ದವೇ ಸಾಕಾಯಿತು.

ಮೊದಲೆರಡು ಕೆಲಸಗಳಿಗೆ ಜನ ಕೈಮುಗಿಯುತ್ತಾರೆ. ಮೂರನೆಯದಕ್ಕೆ ಮುಖ ಗಂಟಿಕ್ಕುವವರೂ ಉಂಟು. ರೋಗಿಗೆ ಔಷಧ ಕೊಟ್ಟರೆ ಯಾರಿಗೂ ನಷ್ಟವಿಲ್ಲ. ಸಾಲಗಾರನಿಗೆ ಲೆಕ್ಕ ಕಲಿಸಿದರೆ ಸಾಹುಕಾರನಿಗೆ ನಷ್ಟವಿದೆ. ಮಧ್ಯಪ್ರದೇಶದ ದೇವಾಸ ಜಿಲ್ಲೆಯ ಉದಯನಗರದಲ್ಲಿ ಸಿಸ್ಟರ್ ರಾಣಿ ಮರಿಯಾ ಆದಿವಾಸಿ ರೈತರನ್ನು ಸಾಲದ ಬಲೆಯಿಂದ ಬಿಡಿಸಲು ದುಡಿದರು. 1995ರ ಫೆಬ್ರುವರಿ 25ರಂದು ಬಸ್ಸಿನಲ್ಲಿ ಹೋಗುತ್ತಿದ್ದಾಗ ಅವರ ಕೊಲೆಯಾಯಿತು. ಅವರ ಒಡಹುಟ್ಟಿದ ತಂಗಿ, ಆಕೆಯೂ ಸಂನ್ಯಾಸಿನಿಯೇ, ಸೆರೆಮನೆಗೆ ಹೋಗಿ ಕೊಂದವನ ಕೈಗೆ ರಾಖಿ ಕಟ್ಟಿದರು. ‘ಸಿಸ್ಟರ್’ ಶಬ್ದದ ಅರ್ಥವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ನಿಘಂಟು ನನಗೆ ತಿಳಿದಿಲ್ಲ.

ಇನ್ನೊಂದು ಉದಾಹರಣೆ ನಮ್ಮ ರಾಜ್ಯಕ್ಕೇ ಸಂಬಂಧಿಸಿದ್ದು. ಬೆಲ್ಜಿಯಂ ದೇಶದ ಸಿಸ್ಟರ್ ಜಾನ್ ದೆವೊಸ್ 1985ರಲ್ಲಿ ಮನೆಗೆಲಸದವರ ರಾಷ್ಟ್ರೀಯ ಆಂದೋಲನವನ್ನು ಕಟ್ಟಿದರು. ಪಾತ್ರೆ ತೊಳೆಯುವವಳೂ ಕಾರ್ಮಿಕಳೇ, ಆಕೆಗೂ ವಾರದ ರಜೆ ಬೇಕು, ಗೊತ್ತಾದ ಕೂಲಿ ಬೇಕು ಎಂಬುದಷ್ಟೇ ಅದರ ಬೇಡಿಕೆ. ಇಂಥ ಹಲವು ಸಂಘಟನೆಗಳ ದೀರ್ಘಕಾಲದ ಒತ್ತಾಯದ ನಡುವೆ, 2004ರಲ್ಲಿ ಕರ್ನಾಟಕ ಸರ್ಕಾರ ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ಗೊತ್ತುಪಡಿಸಿತು. ದೇಶದಲ್ಲಿ ಮೊದಲಿಗೆ ಹೀಗೆ ಮಾಡಿದ ರಾಜ್ಯಗಳಲ್ಲಿ ನಮ್ಮದೂ ಒಂದು.

ಸೇವೆಯ ಹಿಂದೆ ಮತಪ್ರಸಾರದ ಉದ್ದೇಶವಿಲ್ಲವೇ ಎಂದು ಕೇಳುವವರುಂಟು. ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬಂದವರು ತಮ್ಮ ಧರ್ಮವನ್ನು ಮರೆಮಾಚಿ ಬಂದವರಲ್ಲ. ಅವರ ದುಡಿಮೆಗೆ ಬಲ ಬಂದುದೂ ಆ ಶ್ರದ್ಧೆಯಿಂದಲೇ. ಆದರೆ ಕನಿಷ್ಠ ವೇತನದ ಆದೇಶಕ್ಕೆ ಜಾತಿಯಿಲ್ಲ. ಹೆರಿಗೆಯ ಕೋಣೆಯಲ್ಲಿ ಅಳುವ ಕೂಸಿಗೆ ಮತವಿಲ್ಲ. ಕಾಯಕ, ದಾಸೋಹ ಎಂಬ ಶಬ್ದಗಳನ್ನು ಜಗತ್ತಿಗೆ ಕೊಟ್ಟ ನಾಡಿನವರು ನಾವು. ಅಥಣಿಯ ಮುರುಘೇಂದ್ರ ಶಿವಯೋಗಿಗಳ ಹೆಸರನ್ನು ಕೇಳಿ ಬೆಳೆದವರು. 1916ರಲ್ಲಿ ಏಳು ಮಂದಿ ಶಿಕ್ಷಕರು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದುದನ್ನು ಬಲ್ಲವರು. ದುಡಿಮೆಯೇ ಪೂಜೆಯಾಗುವುದನ್ನು ಇನ್ನೊಬ್ಬರ ಮನೆಯಲ್ಲಿ ಕಂಡಾಗ ಗುರುತು ಹಿಡಿಯುವುದು ನಮಗೆ ಕಷ್ಟವಾಗಬಾರದು. ಅಕ್ಕ ಎಂಬ ಶಬ್ದವನ್ನು ಒಬ್ಬ ವಿರಕ್ತೆಯ ಹೆಸರಿನ ಮುಂದಿಟ್ಟು ಗೌರವಿಸಿದ ಭಾಷೆ ನಮ್ಮದು.

ಈಗ ಮೊದಲು ಹೇಳಿದ ಬಡತನದ ವ್ರತದ ಬಳಿಗೆ ಬರುತ್ತೇನೆ. 2009ರ ಶಿಕ್ಷಣ ಹಕ್ಕಿನ ಕಾಯಿದೆ ಖಾಸಗಿ ಶಾಲೆಗಳಲ್ಲಿ ನೂರಕ್ಕೆ 25 ಸ್ಥಾನಗಳನ್ನು ಬಡ ಹಾಗೂ ಹಿಂದುಳಿದ ಮಕ್ಕಳಿಗೆ ಮೀಸಲಿಟ್ಟಿತು. 2014ರಲ್ಲಿ ಸುಪ್ರೀಂ ಕೋರ್ಟು, ಈ ಕಾಯಿದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸುವುದಿಲ್ಲವೆಂದು ತೀರ್ಪಿತ್ತಿತು. ಭಗಿನಿಯರ ಶಾಲೆಗಳೂ ಅದರಲ್ಲಿ ಸೇರಿದವು. ತಮ್ಮ ಸಂಸ್ಥೆಯನ್ನು ತಾವೇ ನಡೆಸಿಕೊಳ್ಳುವ ಹಕ್ಕು ಸಂವಿಧಾನ ಕೊಟ್ಟದ್ದು, ಅದು ಇರಬೇಕು. ಆದರೆ ಕಾನೂನು ಕೈಬಿಟ್ಟ ಕಡೆ ವ್ರತ ಕೈಹಿಡಿಯಬೇಕಲ್ಲವೆ? ಬಡ ಮಗುವಿಗೆ ಬಾಗಿಲು ತೆರೆಯೆಂದು ಸರ್ಕಾರ ಹೇಳಲಾರದ ಶಾಲೆಯಲ್ಲಿ ಅದನ್ನು ಹೇಳಬಲ್ಲವರು ಬಡತನದ ವ್ರತ ಹಿಡಿದವರೇ. ಶುಲ್ಕವನ್ನು ಬಿಟ್ಟುಕೊಟ್ಟು, ಸಂಜೆಯ ಶಾಲೆಗಳನ್ನು ನಡೆಸಿ, ಹಾಗೆ ಬಾಗಿಲು ತೆರೆದವರೂ ಅವರಲ್ಲಿದ್ದಾರೆ. ಅವರ ಸಂಖ್ಯೆ ಹೆಚ್ಚಲಿ ಎಂದು ಹಾರೈಸುವುದು ಅವರ ಮೊದಲ ವ್ರತವನ್ನು ಗೌರವಿಸುವ ರೀತಿಯೇ ಆಗಿದೆ.

ಈ ಮಾತು ಅವರಿಗೆ ಮಾತ್ರ ಅಲ್ಲ, ನಮಗೂ ಅನ್ವಯಿಸುತ್ತದೆ. ಅವರಿಂದ ನಾವು ಒಂದು ಶಬ್ದವನ್ನು ಕಡ ತಂದೆವು. ಅದರ ಟೈಯನ್ನು ಇಟ್ಟುಕೊಂಡೆವು, ಇಂಗ್ಲಿಷನ್ನು ಇಟ್ಟುಕೊಂಡೆವು, ಫೀಯನ್ನೂ ಇಟ್ಟುಕೊಂಡೆವು. ವ್ರತವನ್ನು ಮಾತ್ರ ಬಿಟ್ಟೆವು. ಊರೂರಿಗೆ ಕಾನ್ವೆಂಟ್ ಎಂದು ಬೋರ್ಡು ಹಾಕುವವರು ನಾವೇ. ಕಬ್ಬು ಕಡಿಯಲು ಬಂದವರ ಮಕ್ಕಳು ಆ ಬೋರ್ಡಿನ ಕೆಳಗೇ ಆಡುತ್ತಿರುತ್ತವೆ. ತಂದ ಶಬ್ದವನ್ನು ಈಗ ಹಿಂದಿರುಗಿಸಲಾಗದು. ಭಾಷೆಯಲ್ಲಿ ಅದು ಸಾಧ್ಯವೂ ಇಲ್ಲ. ಆದರೆ ಆ ಮಕ್ಕಳಲ್ಲಿ ಒಂದೊಂದನ್ನು ಒಳಗೆ ಕರೆದು ಕೂಡ್ರಿಸಿಕೊಂಡರೆ, ‘ಕೂಡಿ ಬರುವುದು’ ಎಂಬ ಅದರ ಮೊದಲಿನ ಅರ್ಥ ನಮ್ಮ ಕನ್ನಡದಲ್ಲಿಯೂ ಬದುಕೀತು.