ಬಿಳಿ ರಸ್ತೆಯ ಏರು

(ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದ ಪ್ರಬೋಧನೆ)



ಸಂತ ಫ್ರಾನ್ಸಿಸರ ಹಬ್ಬದಂದು ಪ್ರಾಣಿ ಪಕ್ಷಿಗಳ ಮಾತನ್ನು ನೀವು ಪ್ರತಿ ವರ್ಷವೂ ಕೇಳಿದ್ದೀರಿ. ಈ ಸಲ ಅವರ ಊರಿನಿಂದ ಸ್ವಲ್ಪ ದೂರದ ದ್ರಾಕ್ಷಿ ಬೆಟ್ಟಗಳಿಗೆ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ, ಅದೂ ಸೈಕಲ್ಲಿನ ಮೇಲೆ. ಕಾರಣವಿದೆ. ದಿವ್ಯ ಬಲಿಪೂಜೆಯಲ್ಲಿ ದ್ರಾಕ್ಷಾರಸವನ್ನು ಅರ್ಪಿಸುವಾಗ, ಇದು ಬಳ್ಳಿಯ ಫಲ ಮಾತ್ರವಲ್ಲ, ಮನುಷ್ಯರ ಕೈಗಳ ದುಡಿಮೆಯೂ ಹೌದೆಂದು ನಾವು ಒಪ್ಪಿಕೊಳ್ಳುತ್ತೇವೆ. ಆ ಕೈಗಳು ಯಾರವು? ಕಾರಿನ ಕಿಟಕಿಯಿಂದ ಅವು ಕಾಣುವುದಿಲ್ಲ. ಸೈಕಲ್ಲಿನಿಂದ ಸ್ವಲ್ಪ ಕಾಣುತ್ತವೆ.

ಇಟಲಿಯ ಫ್ಲಾರೆನ್ಸ್ ನಗರಕ್ಕೂ ಸಂತ ಕ್ಯಾಥರೀನರ ಸಿಯೆನಾ ನಗರಕ್ಕೂ ನಡುವೆ ಇರುವ ಬೆಟ್ಟಸಾಲಿನ ಹೆಸರು ಕಿಯಾಂತಿ. ಗ್ರೇವೆ, ರಾದ್ದಾ, ಗಾಯೋಲೆ, ಕಾಸ್ತೆಲ್ಲೀನಾ ಅಲ್ಲಿನ ಮುಖ್ಯ ಊರುಗಳು. ಈ ನಾಡಿನ ದ್ರಾಕ್ಷಾರಸಕ್ಕೆ 1716ರಷ್ಟು ಹಿಂದೆಯೇ ಅಲ್ಲಿನ ದೊರೆ ಮೂರನೆಯ ಕೋಸಿಮೋ ಎಲ್ಲೆ ಗುರುತಿಸಿ ಆಜ್ಞೆ ಹೊರಡಿಸಿದ್ದ. ಫ್ಲಾರೆನ್ಸ್ ಮತ್ತು ಸಿಯೆನಾ ಗಡಿಗಾಗಿ ಕಾದಾಡುತ್ತಿದ್ದ ಕಾಲದ ಒಂದು ಐತಿಹ್ಯವನ್ನೂ ಅಲ್ಲಿನವರು ಹೇಳುತ್ತಾರೆ. ಕೋಳಿ ಕೂಗಿದೊಡನೆ ಎರಡೂ ಊರುಗಳಿಂದ ಒಬ್ಬೊಬ್ಬ ಸವಾರ ಹೊರಡಬೇಕು, ಅವರು ಸಂಧಿಸಿದ ಸ್ಥಳವೇ ಗಡಿ. ಸಿಯೆನಾದವರು ತಮ್ಮ ಬಿಳಿ ಹುಂಜಕ್ಕೆ ಹೊಟ್ಟೆ ತುಂಬ ಉಣಿಸಿದರು. ಫ್ಲಾರೆನ್ಸಿನವರು ಕರಿ ಹುಂಜವನ್ನು ಉಪವಾಸ ಕೆಡವಿದರು. ಹಸಿದ ಹುಂಜ ಬೆಳಗಾಗುವ ಮೊದಲೇ ಕೂಗಿತು. ಬೆಟ್ಟಗಳೆಲ್ಲ ಬಹುಪಾಲು ಫ್ಲಾರೆನ್ಸಿನ ಪಾಲಾದವು. ಇಂದಿಗೂ ಕಿಯಾಂತಿ ಕ್ಲಾಸಿಕೋ ಬಾಟಲಿಗಳ ಮೇಲೆ ಕರಿ ಹುಂಜದ ಗುರುತಿದೆ. ನನಗಂತೂ ಗೆದ್ದವರಿಗಿಂತ ಆ ಬಡ ಹುಂಜದ ಮೇಲೆಯೇ ಕನಿಕರ.

ಈ ಬೆಟ್ಟಗಳಲ್ಲಿ ಸೈಕಲ್ ತುಳಿಯುವವರಿಗೆ ಸಮತಟ್ಟಾದ ನೆಲ ಸಿಗುವುದೇ ಅಪರೂಪ. ಒಂದು ದಿಬ್ಬ ಹತ್ತಿ ಉಸಿರು ಬಿಡುವಷ್ಟರಲ್ಲಿ ಇಳಿಜಾರು, ಇಳಿದು ಮುಗಿಯುವಷ್ಟರಲ್ಲಿ ಮತ್ತೊಂದು ಏರು. ಅನೇಕ ಕಡೆ ಡಾಂಬರಿಲ್ಲ. ಸುಣ್ಣಕಲ್ಲಿನ ಜಲ್ಲಿ ಹರಡಿದ 'ಬಿಳಿ ರಸ್ತೆ'ಗಳು. ಬಿಸಿಲಿದ್ದರೆ ಮೈಯೆಲ್ಲ ಹಿಟ್ಟು ಚೆಲ್ಲಿದಂತೆ ಧೂಳು, ಮಳೆ ಬಂದರೆ ಚಕ್ರಕ್ಕೆ ಅಂಟುವ ಕೆಸರು. ಇಷ್ಟು ಕಷ್ಟದ ನೆಲದಲ್ಲಿ ದ್ರಾಕ್ಷಿಯನ್ನೇಕೆ ನೆಟ್ಟರು? ಕಷ್ಟದ ನೆಲವೆಂದೇ ನೆಟ್ಟರು. ಇಳಿಜಾರಿನಲ್ಲಿ ನೀರು ನಿಲ್ಲುವುದಿಲ್ಲ. ಚಳಿಗಾಳಿ ಜಾರಿ ಕಣಿವೆಗೆ ಇಳಿಯುವುದರಿಂದ ಎಳೆ ಚಿಗುರು ಹಿಮಕ್ಕೆ ಸುಡುವುದು ಕಡಿಮೆ. ಗೊಬ್ಬರವಿಲ್ಲದ ಕಲ್ಲುಮಣ್ಣಿನಲ್ಲಿ ಬಳ್ಳಿ ಎಲೆಯನ್ನೇ ಬೆಳೆಸುತ್ತಾ ಕೂರದೆ ಬೇರನ್ನು ಆಳಕ್ಕೆ ಇಳಿಸುತ್ತದೆ, ಹಣ್ಣು ಚಿಕ್ಕದಾಗಿ ರಸ ಗಟ್ಟಿಯಾಗುತ್ತದೆ. ಸಾಂಜೊವೇಸೆ ಎಂಬ ಅಲ್ಲಿನ ಮುಖ್ಯ ತಳಿಗೆ ಇದು ಒಗ್ಗಿದ ನೆಲ. ಕಿಯಾಂತಿ ಕ್ಲಾಸಿಕೋದಲ್ಲಿ ನೂರಕ್ಕೆ 80 ಪಾಲಾದರೂ ಅದೇ ಇರಬೇಕು. ಸೈಕಲ್ಲಿನವನ ತೊಡೆಯನ್ನು ನೋಯಿಸುವ ಅದೇ ಏರು ಗೊಂಚಲನ್ನು ಹಣ್ಣು ಮಾಡುತ್ತದೆ.

ಈ ಬಿಳಿ ರಸ್ತೆಗಳು ಪ್ರವಾಸಿಗರಿಗಾಗಿ ಹುಟ್ಟಿದವಲ್ಲ ಎಂಬುದನ್ನು ಮರೆಯಬಾರದು. ಇವು ಎತ್ತಿನ ಗಾಡಿಯ ದಾರಿಗಳು. ಶತಮಾನಗಳ ಕಾಲ ಇಲ್ಲಿ 'ಮೆದ್ಸಾದ್ರಿಯಾ' ಎಂಬ ಪದ್ಧತಿ ಇತ್ತು. ಭೂಮಿ ಧಣಿಯದು, ದುಡಿಮೆ ಒಕ್ಕಲು ಕುಟುಂಬದ್ದು, ಬೆಳೆಯಲ್ಲಿ ಅರ್ಧ ಧಣಿಗೆ. ಗಂಡ, ಹೆಂಡತಿ, ಅಜ್ಜ, ಮಕ್ಕಳು ಎಲ್ಲರೂ ದುಡಿದರೂ ಮನೆ ತಮ್ಮದಲ್ಲ. ನಮ್ಮ ಕರಾವಳಿಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1974ರ ಭೂಸುಧಾರಣೆಗೆ ಮುಂಚೆ ಗೇಣಿ ಅಳೆದುಕೊಟ್ಟ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲೂ ಎಷ್ಟೋ ಇವೆ. ಇಟಲಿಯಲ್ಲಿ ಹೊಸದಾಗಿ ಅಂಥ ಒಪ್ಪಂದ ಮಾಡಬಾರದೆಂದು 1964ರಲ್ಲಿ ಕಾನೂನು ಬಂತು. ಆ ವೇಳೆಗಾಗಲೇ ಒಕ್ಕಲುಗಳು ಬೆಟ್ಟ ಬಿಟ್ಟು ಕಾರ್ಖಾನೆಗಳ ಊರುಗಳಿಗೆ ಇಳಿಯತೊಡಗಿದ್ದರು. ಖಾಲಿಯಾದ ಕಲ್ಲಿನ ಮನೆಗಳಲ್ಲಿ ಅನೇಕವು ಇಂದು ಈಜುಕೊಳವಿರುವ ವಿಹಾರಧಾಮಗಳು. ಸೈಕಲ್ಲಿನಲ್ಲಿ ನಿಧಾನವಾಗಿ ಹೋಗುವವನಿಗೆ ಕೈಯಿಂದ ಕಟ್ಟಿದ ಕಲ್ಲುಗೋಡೆಗಳು ಒಂದೊಂದೂ ಕಾಣುತ್ತವೆ. ಅವುಗಳ ಮೇಲೆ ಕಟ್ಟಿದವರ ಹೆಸರಿಲ್ಲ.

ಬಿಳಿ ರಸ್ತೆಗಳಿಗೆಲ್ಲ ಡಾಂಬರು ಬೀಳುವ ಭಯವಿದ್ದಾಗ, ಅವನ್ನು ಉಳಿಸಬೇಕೆಂದು 1997ರಲ್ಲಿ ಗಾಯೋಲೆಯಲ್ಲಿ 92 ಜನ ಹಳೆಯ ಸೈಕಲ್ಲುಗಳನ್ನೇರಿ ಹೊರಟರು. 'ಲೆರೊಯಿಕಾ', ಅಂದರೆ ವೀರರದು, ಎಂಬ ಸವಾರಿ ಹೀಗೆ ಆರಂಭವಾಯಿತು. ಈಗ ಪ್ರತಿವರ್ಷ ಅಕ್ಟೋಬರ್ ಆರಂಭದಲ್ಲಿ, ಇದೇ ಹಬ್ಬದ ಆಸುಪಾಸಿನಲ್ಲಿ, ಸಾವಿರಾರು ಜನ ಸೇರುತ್ತಾರೆ. 1987ಕ್ಕಿಂತ ಮುಂಚಿನ ಮಾದರಿಯ ಸೈಕಲ್, ಉಣ್ಣೆಯ ಅಂಗಿ. ಅತಿ ಉದ್ದದ ದಾರಿ 209 ಕಿಲೋಮೀಟರು. ಅದಕ್ಕೆ ಹೊರಟವರು ಕತ್ತಲಲ್ಲೇ ಬ್ರೋಲಿಯೋ ಕೋಟೆಯ ಏರನ್ನು ಹತ್ತುತ್ತಾರೆ. ದಾರಿಯ ಬದಿಗೆ ದೀಪಗಳನ್ನು ಹಚ್ಚಿಟ್ಟಿರುತ್ತಾರೆ. ನಡುವೆ ತಂಗುವಲ್ಲಿ ಒಣ ರೊಟ್ಟಿ, ಬೀನ್ಸ್, ಸೊಪ್ಪು ಬೇಯಿಸಿದ ರೈತರ ಸಾರು. ಜೊತೆಗೆ ದ್ರಾಕ್ಷಾರಸವೂ ಉಂಟು. ಹಳೆಯ ಬ್ರೇಕಿನ ಸೈಕಲ್ಲಿನಲ್ಲಿ ಇಳಿಜಾರು ಕಾದಿರುವಾಗ ಎರಡನೆಯ ಲೋಟ ಬೇಡವೆಂದು ಯಾವ ತಾಯಿಯಾದರೂ ಹೇಳಿಯಾಳು.

ಈ ಬೆಟ್ಟಗಳ ಬಾಗಿಲಲ್ಲಿ, ಫ್ಲಾರೆನ್ಸ್ ಹೊರವಲಯದ ಪೊಂತೆ ಆ ಏಮಾ ಎಂಬ ಹಳ್ಳಿಯಲ್ಲಿ, 1914ರಲ್ಲಿ ಜೀನೊ ಬಾರ್ತಲಿ ಹುಟ್ಟಿದರು. ಫ್ರಾನ್ಸ್ ದೇಶವನ್ನು ಸುತ್ತುವ ಮಹಾ ಸೈಕಲ್ ಪಂದ್ಯವನ್ನು 1938ರಲ್ಲಿ ಗೆದ್ದು, ಯುದ್ಧ ಮುಗಿದ ಮೇಲೆ 1948ರಲ್ಲಿ ಮತ್ತೆ ಗೆದ್ದವರು. ಕಾರ್ಮೆಲ್ ಸಭೆಯ ಶ್ರೀಸಾಮಾನ್ಯ ಸದಸ್ಯರಾಗಿದ್ದ ಪ್ರಾರ್ಥನಾಶೀಲರು. 1943ರಲ್ಲಿ ಜರ್ಮನ್ ಸೇನೆ ಇಟಲಿಯನ್ನು ಆಕ್ರಮಿಸಿ ಯೆಹೂದ್ಯರನ್ನು ಹಿಡಿಯತೊಡಗಿದಾಗ, ಫ್ಲಾರೆನ್ಸಿನ ಕಾರ್ಡಿನಲ್ ಎಲಿಯಾ ದಾಲ್ಲಾ ಕೋಸ್ತಾ ಅವರ ಸಹಾಯಜಾಲದಲ್ಲಿ ಬಾರ್ತಲಿ ಸೇರಿದರು. ಬೆಟ್ಟಗಳನ್ನು ದಾಟಿ ಅಸ್ಸಿಸಿಯವರೆಗೆ ತರಬೇತಿಯ ನೆಪದಲ್ಲಿ ಸೈಕಲ್ ತುಳಿಯುತ್ತಿದ್ದರು. ಸೈಕಲ್ಲಿನ ಟೊಳ್ಳು ಕೊಳವೆಯೊಳಗೆ ಸುರುಳಿ ಸುತ್ತಿದ ನಕಲಿ ಗುರುತುಪತ್ರಗಳು. ಫ್ರಾನ್ಸಿಸರ ಊರಿನ ಮಠಗಳಲ್ಲಿ ಅಡಗಿದ್ದ ಕುಟುಂಬಗಳಿಗೆ ಆ ಕಾಗದವೇ ಪ್ರಾಣ. ಈ ಓಡಾಟದ ವಿವರಗಳ ಬಗ್ಗೆ ಇತಿಹಾಸಕಾರರಲ್ಲಿ ಇನ್ನೂ ಚರ್ಚೆಯಿದೆ. ಅದಕ್ಕೆ ಒಂದು ಕಾರಣ, ಬಾರ್ತಲಿ ತಾವೇ ಅದನ್ನು ಜಗತ್ತಿಗೆ ಸಾರಲಿಲ್ಲ. 2000ದಲ್ಲಿ ಅವರು ತೀರಿಕೊಂಡರು. ಜೆರುಸಲೇಮಿನ ಯಾದ್ ವಾಶೆಮ್ ಸಂಸ್ಥೆ ಅವರನ್ನು ಗೌರವಿಸಿದ್ದು 2013ರಲ್ಲಿ.

ಇಲ್ಲಿ ಕುಳಿತಿರುವ ಯುವಕರಲ್ಲಿ, ಅಥವಾ ಇಟಲಿಯ ಕಾನ್ವೆಂಟುಗಳಲ್ಲಿ ಸೇವೆ ಮಾಡುತ್ತಿರುವ ನಮ್ಮ ಹೆಣ್ಣುಮಕ್ಕಳನ್ನು ಕಾಣಲು ಹೋಗುವ ಮನೆಯವರಲ್ಲಿ, ಯಾರಾದರೂ ಆ ಕಡೆ ಹೋದೀರಿ. ಲೆರೊಯಿಕಾದ ದಾರಿಗೆ ಫಲಕಗಳಿವೆ, ವರ್ಷವಿಡೀ ತೆರೆದಿರುತ್ತದೆ, ಹಳೆಯ ಸೈಕಲ್ಲೇ ಬೇಕೆಂದಿಲ್ಲ. ಸಾಧ್ಯವಾದರೆ ಸೆಪ್ಟೆಂಬರ್ ಕೊನೆಯಲ್ಲಿ, ಕೊಯ್ಲಿನ ಹೊತ್ತಿಗೆ ಹೋಗಿರಿ. ಇಂದು ಆ ಸಾಲುಗಳಲ್ಲಿ ಕತ್ತರಿ ಹಿಡಿದವರಲ್ಲಿ ಅನೇಕರು ಪೂರ್ವ ಯುರೋಪಿನಿಂದ, ಆಫ್ರಿಕಾದಿಂದ ಕೂಲಿಗೆ ಬಂದವರು. ಏರು ಹೆಚ್ಚಾದಾಗ ಸೈಕಲ್ಲಿನಿಂದ ಇಳಿದು ತಳ್ಳಬೇಕಾಗುತ್ತದೆ, ಅದರಲ್ಲಿ ನಾಚಿಕೆಯೇನೂ ಇಲ್ಲ. ಗೊಂಚಲುಗಳು ಅಲ್ಲಿ ಸೊಂಟಕ್ಕಿಂತ ಕೆಳಗೆ ತೂಗುತ್ತವೆ. ಸೈಕಲ್ ತಳ್ಳುವವನೂ ಹಣ್ಣು ಕೊಯ್ಯುವವನೂ ಆಗ ಒಂದೇ ರೀತಿ ಬೆನ್ನು ಬಾಗಿಸಿ, ಒಂದೇ ವೇಗದಲ್ಲಿ ಅದೇ ಬೆಟ್ಟವನ್ನು ಹತ್ತುತ್ತಿರುತ್ತಾರೆ. ನಿಂತು ಮಾತನಾಡಿಸಿರಿ. ಹೆಸರು ಕೇಳಿರಿ.